ಓಡದ ದಿನಗಳನ್ನೂ ಬರೆಯಿರಿ

ಮಾನ್ಯರೇ,

ಮ್ಯಾರಥಾನ್ ತಯಾರಿಯ ನಡುವೆ ಕಾಡಿದ ಕಾಲುನೋವು ಮತ್ತು ಜ್ವರವನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪತ್ರದ ಕೊನೆಯವರೆಗೂ ನಿಮ್ಮನ್ನು ಕಾಯಿಸುವುದು ಸರಿಯಲ್ಲ. ಆದರೆ ಇದನ್ನು ನೀವು ಕೈಬಿಡಬಾರದು ಎಂಬುದೂ ನನ್ನ ಅಷ್ಟೇ ದೃಢವಾದ ಅಭಿಪ್ರಾಯ. ಇದರೊಳಗೆ ಒಂದು ಒಳ್ಳೆಯ ಲೇಖನವಿದೆ, ಅದು ಇನ್ನೂ ಹೊರಗೆ ಬಂದಿಲ್ಲ. ಎರಡು ಸಾಲಿನ ವಿಷಾದಪತ್ರದ ಬದಲು ಇಷ್ಟು ದೀರ್ಘವಾಗಿ ಬರೆಯುತ್ತಿರುವುದು ಅದಕ್ಕಾಗಿಯೇ.

ಹದಿನಾರು ವಾರಗಳ ತಯಾರಿ; ಹತ್ತನೆಯ ವಾರದಲ್ಲಿ ಎಡಗಾಲಿನ ಮೊಣಕಾಲ ಕೆಳಗಿನ ಎಲುಬಿನಲ್ಲಿ ಕಾಣಿಸಿಕೊಂಡ ನೋವು; ಹದಿಮೂರನೆಯ ವಾರದಲ್ಲಿ ಮೂರು ದಿನ ಬಿಡದೆ ಬಂದ ಜ್ವರ; ಜ್ವರ ಇಳಿದ ಮರುದಿನವೇ ಓಡಿದ 32 ಕಿಲೋಮೀಟರ್; ಸ್ಪರ್ಧೆಯ ಬೆಳಿಗ್ಗೆ ನುಂಗಿದ ನೋವಿನ ಮಾತ್ರೆಗಳು; ಕೊನೆಗೆ 42.195 ಕಿಲೋಮೀಟರ್ ಮುಗಿಸಿದ ಸಂಭ್ರಮ. ಇದು ನಿಮ್ಮ ಲೇಖನದ ಹಂದರ. ಇದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಜಾಗವನ್ನು ಸ್ಪರ್ಧೆಯ ಕೊನೆಯ ಹತ್ತು ಕಿಲೋಮೀಟರ್‌ಗೆ ಕೊಟ್ಟಿದ್ದೀರಿ. ಭಾರವಾದ ಕಾಲು, ಮಂಜಾದ ಕಣ್ಣು, ದಾರಿಬದಿಯ ಚಪ್ಪಾಳೆ ಎಲ್ಲವೂ ನಿಜವೇ ಆಗಿದ್ದರೂ ಮ್ಯಾರಥಾನ್ ಓಡಿದವರಲ್ಲಿ ಬಹುಪಾಲು ಜನ ಬರೆಯುವುದು ಅದನ್ನೇ. ನಿಮಗೆ ಮಾತ್ರ ಗೊತ್ತಿರುವ ಸಂಗತಿಯೆಂದರೆ, ಹತ್ತನೆಯ ವಾರದಿಂದ ಹದಿನಾಲ್ಕನೆಯ ವಾರದವರೆಗೆ ಪ್ರತಿದಿನ ಷೂ ಕಟ್ಟಿಕೊಳ್ಳುವ ಮುನ್ನ ಓಡಬೇಕೋ ಬೇಡವೋ ಎಂದು ಹೇಗೆ ತೀರ್ಮಾನಿಸಿದಿರಿ ಎಂಬುದು. ಅದಕ್ಕೆ ಸಿಕ್ಕಿರುವುದು ಒಂದೇ ವಾಕ್ಯ: ‘ನೋವಿಗೂ ಜ್ವರಕ್ಕೂ ಮಣಿಯದೆ ತಯಾರಿ ಮುಂದುವರಿಸಿದೆ.’ ಈ ಒಂದು ವಾಕ್ಯವನ್ನು ಬಿಡಿಸಿ ಬರೆದರೆ ಅದೇ ನಿಮ್ಮ ಲೇಖನವಾಗುತ್ತದೆ.

ನಿಮಗೆ ಹಾಗೆ ಬರೆಯುವ ಶಕ್ತಿಯಿದೆ ಎಂಬುದಕ್ಕೆ ನಿಮ್ಮ ಹಸ್ತಪ್ರತಿಯ ಎರಡನೆಯ ಪುಟವೇ ಸಾಕ್ಷಿ. ರಾತ್ರಿ ಮಂಚದ ಅಂಚಿನಲ್ಲಿ ಕುಳಿತು, ಹೆಬ್ಬೆರಳಿನಿಂದ ಎಲುಬಿನ ಒಳ ಅಂಚನ್ನು ಮೇಲಿನಿಂದ ಕೆಳಗೆ ಒತ್ತುತ್ತಾ ಬಂದು, ನಾಣ್ಯದಷ್ಟು ಅಗಲದ ಒಂದು ಜಾಗ ತಲುಪಿದಾಗ ಉಸಿರು ಸಿಕ್ಕಿಕೊಂಡಂತಾಯಿತು ಎಂದು ಬರೆದಿದ್ದೀರಿ. ಇಡೀ ಲೇಖನದಲ್ಲಿ ಇದಕ್ಕಿಂತ ಒಳ್ಳೆಯ ಸಾಲುಗಳಿಲ್ಲ. ಓದುಗನ ಕೈ ತಾನಾಗಿಯೇ ತನ್ನ ಕಾಲಿನ ಕಡೆಗೆ ಹೋಗುತ್ತದೆ. ಆದರೆ ಮುಂದಿನ ವಾಕ್ಯದಲ್ಲಿಯೇ ನೀವು ‘ಓಟಗಾರರಿಗೆ ಇದು ಮಾಮೂಲು’ ಎಂದು ಹೇಳಿ ಮುಂದೆ ಹೋಗಿಬಿಡುತ್ತೀರಿ. ನಿಮ್ಮ ಹೆಬ್ಬೆರಳು ಕಂಡುಹಿಡಿದದ್ದು ಮಾಮೂಲಿನ ಸಂಗತಿಯಲ್ಲ.

ಓಟಗಾರರು ಶಿನ್ ಸ್ಪ್ಲಿಂಟ್ಸ್ ಎಂದು ಕರೆಯುವ ನೋವು ಸಾಮಾನ್ಯವಾಗಿ ಎಲುಬಿನ ಒಳ ಅಂಚಿನ ಉದ್ದಕ್ಕೂ, ನಾಲ್ಕಾರು ಬೆರಳಿನಷ್ಟು ಜಾಗದಲ್ಲಿ ಹರಡಿಕೊಂಡಿರುತ್ತದೆ. ಓಟದ ಆರಂಭದಲ್ಲಿ ಕಾಡಿ, ಮೈ ಬಿಸಿಯಾದಂತೆ ಎಷ್ಟೋ ಸಲ ಕಡಿಮೆಯಾಗುತ್ತದೆ. ಸ್ಟ್ರೆಸ್ ಫ್ರ್ಯಾಕ್ಚರ್ ಎಂಬ ಎಲುಬಿನ ಸಣ್ಣ ಬಿರುಕಿನ ನೋವು ಹಾಗಲ್ಲ. ಅದು ಬೆರಳಿಟ್ಟು ತೋರಿಸಬಹುದಾದ ಒಂದು ಬಿಂದುವಿನಲ್ಲಿ ನಿಲ್ಲುತ್ತದೆ, ಓಡಿದಷ್ಟೂ ಹೆಚ್ಚುತ್ತದೆ, ಕ್ರಮೇಣ ನಡೆಯುವಾಗಲೂ ರಾತ್ರಿ ಮಲಗಿದಾಗಲೂ ಕಾಣಿಸಿಕೊಳ್ಳುತ್ತದೆ. ಮೊದಲ ಎರಡು ಮೂರು ವಾರಗಳಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೆ ಹೋಗುವುದು ಸಾಮಾನ್ಯ. ಎಂಆರ್‌ಐ ಮಾಡಿದರೆ ಆರಂಭದಲ್ಲಿಯೇ ತಿಳಿಯುತ್ತದೆ. ‘ಎಕ್ಸ್‌ರೇ ತೆಗೆಸಿದೆ, ಏನೂ ಇರಲಿಲ್ಲ, ಧೈರ್ಯ ಬಂತು’ ಎಂಬ ನಿಮ್ಮ ಮಾತನ್ನು ಹಾಗೆಯೇ ಅಚ್ಚು ಹಾಕಿದರೆ, ಅದೇ ಸ್ಥಿತಿಯಲ್ಲಿರುವ ಇನ್ನೊಬ್ಬ ಓಟಗಾರ ಅದೇ ಧೈರ್ಯ ತಂದುಕೊಂಡು ಬಿರುಕನ್ನು ಪೂರ್ಣ ಮುರಿತದವರೆಗೆ ಕೊಂಡೊಯ್ಯಬಹುದು. ಅದಕ್ಕೆ ನಾವಿಬ್ಬರೂ ಹೊಣೆಯಾಗುತ್ತೇವೆ.

ಎಲುಬು ಹೀಗೇಕೆ ಬಿರಿಯುತ್ತದೆ ಎಂಬುದನ್ನೂ ನೀವು ನಾಲ್ಕು ಸಾಲಿನಲ್ಲಿ ಹೇಳಬೇಕು. ಓಟದ ಭಾರ ಬಿದ್ದಾಗ ದೇಹವು ಹಳೆಯ ಎಲುಬನ್ನು ಮೊದಲು ಕರಗಿಸಿ ತೆಗೆದು, ಆಮೇಲೆ ಹೊಸದನ್ನು ಕಟ್ಟುತ್ತದೆ. ತೆಗೆಯುವ ಕೆಲಸ ಬೇಗ ನಡೆಯುತ್ತದೆ, ಕಟ್ಟಿ ಗಟ್ಟಿಯಾಗಿಸುವುದಕ್ಕೆ ವಾರಗಳೇ ಬೇಕು. ನಡುವಿನ ಈ ಅವಧಿಯಲ್ಲಿ ವಾರದ ದೂರವನ್ನು ಏರಿಸುತ್ತಲೇ ಹೋದರೆ ದುರಸ್ತಿಗಿಂತ ಸವೆತ ಮುಂದಾಗುತ್ತದೆ. ಎಂಟು ಮತ್ತು ಒಂಬತ್ತನೆಯ ವಾರಗಳಲ್ಲಿ ನಿಮ್ಮ ದೂರ ಹೇಗೆ ಏರಿತ್ತು ಎಂಬುದು ಲೇಖನದಲ್ಲಿ ಎಲ್ಲಿಯೂ ಇಲ್ಲ. ನಿಮ್ಮ ದಿನಚರಿಯಲ್ಲಿ ಅದು ಇದ್ದೇ ಇರುತ್ತದೆ; ದಯವಿಟ್ಟು ಹುಡುಕಿ ಸೇರಿಸಿ. ಆಹಾರದ ಮಾತೂ ಇಲ್ಲಿಯೇ ಬರಬೇಕು, ಏಕೆಂದರೆ ಓಟಕ್ಕೆ ಬೇಕಾದಷ್ಟು ತಿನ್ನದವರ ಎಲುಬು ಹೆಚ್ಚು ಸುಲಭವಾಗಿ ಸೋಲುತ್ತದೆ, ಮಹಿಳೆಯರಲ್ಲಿ ಮುಟ್ಟು ನಿಂತುಹೋಗುವುದು ಅದರ ಮುಖ್ಯ ಎಚ್ಚರಿಕೆಗಳಲ್ಲೊಂದು.

ಇನ್ನು ಜ್ವರದ ಪ್ರಸಂಗ. ಇದರ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿ ಬರೆಯಬೇಕಾಗಿದೆ. ಜ್ವರ ಇಳಿದ ಮರುದಿನ ಓಡಿದ 32 ಕಿಲೋಮೀಟರನ್ನು ನಿಮ್ಮ ಮನೋಬಲದ ಶಿಖರವೆಂಬಂತೆ ಚಿತ್ರಿಸಿದ್ದೀರಿ, ‘ನನ್ನಿಂದಾದದ್ದು ಯಾರಿಂದಲೂ ಆಗುತ್ತದೆ’ ಎಂದೂ ಸೇರಿಸಿದ್ದೀರಿ. ಈ ವಾಕ್ಯವನ್ನು ನಾನು ಯಾವ ಕಾರಣಕ್ಕೂ ಪ್ರಕಟಿಸುವುದಿಲ್ಲ. ಓಟಗಾರರ ನಡುವೆ ಬಹಳ ಕಾಲದಿಂದ ಒಂದು ಸ್ಥೂಲ ನಿಯಮ ಬಳಕೆಯಲ್ಲಿದೆ: ಮೂಗು ಸೋರುವುದು, ಸೀನು, ಗಂಟಲಿನ ಸಣ್ಣ ಕೆರೆತದಂತಹ ಕತ್ತಿನ ಮೇಲಿನ ತೊಂದರೆಗಳಿದ್ದರೆ ನಿಧಾನವಾಗಿ ಸ್ವಲ್ಪ ದೂರ ಓಡಿ ನೋಡಬಹುದು, ಎದೆಯಲ್ಲಿ ಕಫ, ಮೈಕೈ ನೋವು, ಹೊಟ್ಟೆ ಕೆಟ್ಟಿರುವುದು ಅಥವಾ ಜ್ವರ ಇದ್ದರೆ ಓಡಕೂಡದು. ಈ ನಿಯಮಕ್ಕೆ ಕಾರಣವಿದೆ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿನಲ್ಲಿ ಉರಿಯೂತ ಉಂಟುಮಾಡುತ್ತವೆ; ಅಂಥ ಹೃದಯದ ಮೇಲೆ ದೀರ್ಘ ಓಟದ ಶ್ರಮ ಬಿದ್ದರೆ ಬಡಿತದ ಲಯ ಅಪಾಯಕರವಾಗಿ ತಪ್ಪಬಹುದು, ಆರೋಗ್ಯವಂತರೆಂದು ಕಾಣುವ ತರುಣರೂ ಕುಸಿದು ಬೀಳಬಹುದು. ಇದು ಎಲ್ಲರಿಗೂ ಆಗುವುದಿಲ್ಲ, ಅಪರೂಪವೇ. ಆದರೆ ಆ ಉರಿಯೂತ ಇದೆಯೆಂದು ಗೊತ್ತಾದವರಿಗೆ ವೈದ್ಯರು ಮೂರರಿಂದ ಆರು ತಿಂಗಳು ಕಠಿಣ ವ್ಯಾಯಾಮವನ್ನೇ ನಿಷೇಧಿಸುತ್ತಾರೆ ಎಂಬುದರಿಂದ ಅದರ ಗಾಂಭೀರ್ಯ ತಿಳಿಯುತ್ತದೆ. ನಿಮಗೆ ಏನೂ ಆಗಲಿಲ್ಲ ಎಂಬುದು ನನಗೆ ನಿಜವಾಗಿಯೂ ಸಮಾಧಾನ ತಂದಿದೆ. ಆದರೆ ಏನೂ ಆಗದಿರುವುದರಿಂದ ನೀವು ಮಾಡಿದ್ದು ಸರಿಯಿತ್ತು ಎಂದು ಸಿದ್ಧವಾಗುವುದಿಲ್ಲ. ಅದೇ ರೀತಿ ಓಡಿ ಆಸ್ಪತ್ರೆ ಸೇರಿದವರು ಸಂಭ್ರಮದ ಲೇಖನ ಬರೆದು ನಮಗೆ ಕಳುಹಿಸುವುದಿಲ್ಲವಲ್ಲ.

ಆ ಓಟಕ್ಕೆ ನೀವು ಕೊಟ್ಟಿರುವ ಕಾರಣ ಮಾತ್ರ ನನಗೆ ತುಂಬ ಪ್ರಾಮಾಣಿಕವೆನಿಸಿತು: ‘ಒಂದು ವಾರ ಬಿಟ್ಟರೆ ಮೂರು ತಿಂಗಳ ಶ್ರಮ ನೀರಿನಲ್ಲಿ ಹೋಮವಾದೀತೆಂಬ ಭಯ.’ ಈ ಭಯ ಮ್ಯಾರಥಾನಿಗೆ ತಯಾರಾಗುವ ಬಹುತೇಕ ಎಲ್ಲರಲ್ಲೂ ಇರುತ್ತದೆ, ಲೇಖನದ ನಿಜವಾದ ಕೇಂದ್ರವೂ ಅದೇ. ಆದುದರಿಂದ ಭಯವನ್ನು ಹೇಳಿ ನಿಲ್ಲಿಸದೆ ಅದು ಎಷ್ಟು ಸರಿ ಎಂದು ಪರೀಕ್ಷಿಸಿ. ಓಟವನ್ನು ಸಂಪೂರ್ಣ ನಿಲ್ಲಿಸಿದಾಗ ಮೊದಲು ಕಡಿಮೆಯಾಗುವುದು ರಕ್ತದ ದ್ರವಭಾಗ. ಅದರಿಂದ ಅದೇ ವೇಗಕ್ಕೆ ಹೃದಯ ಹೆಚ್ಚು ಸಲ ಬಡಿಯುತ್ತದೆ, ಓಟಗಾರನಿಗೆ ಎಲ್ಲವೂ ಕೈಬಿಟ್ಟುಹೋದಂತೆ ಭಾಸವಾಗುತ್ತದೆ. ಆದರೆ ಆ ನಷ್ಟ ಮರಳಿ ಓಡತೊಡಗಿದ ಕೆಲವೇ ದಿನಗಳಲ್ಲಿ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ತಿಂಗಳುಗಟ್ಟಲೆ ಓಡಿ ಸ್ನಾಯುಗಳಲ್ಲಿ ಬೆಳೆಸಿಕೊಂಡ ಸಾಮರ್ಥ್ಯ ಒಂದು ವಾರದಲ್ಲಿ ಕರಗುವುದಿಲ್ಲ. ಹತ್ತು ದಿನ ಬಿಟ್ಟವನು ಕಳೆದುಕೊಳ್ಳುವುದು ಅಲ್ಪ, ಆರು ವಾರ ಬಿಟ್ಟವನು ಕಳೆದುಕೊಳ್ಳುವುದು ಬಹಳ. ಹತ್ತು ದಿನ ಬಿಡಲು ಒಪ್ಪದವನು ಆರು ವಾರ ಬಿಡಬೇಕಾದ ಸ್ಥಿತಿಗೆ ತಲುಪುವುದನ್ನು ಯಾವ ತರಬೇತುದಾರರನ್ನು ಕೇಳಿದರೂ ಹೇಳುತ್ತಾರೆ. ಕಾಲಿನ ಎಲುಬಿನ ಬಿರುಕು ವಾಸಿಯಾಗಲು ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು, ಕೆಲವರಿಗೆ ಅದಕ್ಕಿಂತ ಹೆಚ್ಚು.

ಇದಕ್ಕೇ ಸೇರಿದ ಇನ್ನೊಂದು ಅಂಶ ನಿಮ್ಮ ಬರಹದಿಂದ ಬಿಟ್ಟುಹೋಗಿದೆ. ಸ್ಪರ್ಧೆಗೆ ಮುಂಚಿನ ಎರಡು ಮೂರು ವಾರಗಳಲ್ಲಿ ವಾರದ ದೂರವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುವುದನ್ನು, ಅಂದರೆ ಟೇಪರ್ ಮಾಡುವುದನ್ನು ಎಲ್ಲ ಗಂಭೀರ ತರಬೇತಿ ಯೋಜನೆಗಳೂ ಒಪ್ಪುತ್ತವೆ. ದೀರ್ಘ ಓಟದ ಫಲ ದೇಹಕ್ಕೆ ದಕ್ಕಲು ಒಂದೆರಡು ವಾರ ಬೇಕು. ನೀವೋ, ತಪ್ಪಿಹೋದ ಓಟಗಳನ್ನು ‘ಬಾಕಿ ತೀರಿಸುವ’ ಉದ್ದೇಶದಿಂದ ಹದಿನೈದನೆಯ ವಾರದಲ್ಲಿ ಇನ್ನೊಂದು ದೀರ್ಘ ಓಟವನ್ನು ತುರುಕಿದ್ದೀರಿ. ಅದರಿಂದ ದಣಿವು ಬಂದಿರುತ್ತದೆಯೇ ಹೊರತು ಶಕ್ತಿ ಬಂದಿರಲಾರದು. ಮೂವತ್ತನೆಯ ಕಿಲೋಮೀಟರಿನ ನಂತರ ಕಾಲು ಸೀಸದಂತಾಯಿತು ಎಂದು ಬರೆದಿರುವಿರಲ್ಲ, ಅದಕ್ಕೂ ಈ ಓಟಕ್ಕೂ ಸಂಬಂಧವಿದ್ದಿರಬಹುದೇ ಎಂದು ನೀವೇ ಕೇಳಿಕೊಂಡರೆ ಲೇಖನಕ್ಕೆ ಬೇರೆಯೇ ಆಳ ಬರುತ್ತದೆ.

ನೋವಿನ ಮಾತ್ರೆಯ ಪ್ರಸಂಗ ಚಿಕ್ಕದು, ಆದರೂ ಅದನ್ನು ಹಾಗೆ ಬಿಡುವಂತಿಲ್ಲ. ಐಬುಪ್ರೊಫೇನ್ ಜಾತಿಯ ಮಾತ್ರೆಗಳು ನೋವನ್ನು ಮರೆಸುವುದರ ಜೊತೆಗೆ ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನೂ ತಗ್ಗಿಸುತ್ತವೆ. ಗಂಟೆಗಟ್ಟಲೆ ಬೆವರಿ ನೀರು ಕಳೆದುಕೊಳ್ಳುತ್ತಿರುವ ದೇಹದಲ್ಲಿ ಮೂತ್ರಪಿಂಡಗಳಿಗೆ ರಕ್ತ ಮೊದಲೇ ಕಡಿಮೆಯಾಗಿರುತ್ತದೆ. ಹೊಟ್ಟೆಯ ಒಳಪದರಕ್ಕೂ ಅವು ಒಳ್ಳೆಯವಲ್ಲ. ಇದಕ್ಕೆ ದೊಡ್ಡ ಉದಾಹರಣೆಯೊಂದು ನಿಮ್ಮ ಕೈಯಳತೆಯಲ್ಲಿಯೇ ಇತ್ತು. 2003ರಲ್ಲಿ ಲಂಡನ್ನಿನಲ್ಲಿ ಮಹಿಳೆಯರ ಮ್ಯಾರಥಾನಿನಲ್ಲಿ 2 ಗಂಟೆ 15 ನಿಮಿಷ 25 ಸೆಕೆಂಡುಗಳ ವಿಶ್ವದಾಖಲೆ ಮಾಡಿದ ಪೌಲಾ ರ‍್ಯಾಡ್‌ಕ್ಲಿಫ್, ಮರುವರ್ಷದ ಅಥೆನ್ಸ್ ಒಲಿಂಪಿಕ್ಸ್‌ಗೆ ಸ್ವಲ್ಪ ಮುಂಚೆ ಕಾಲಿಗೆ ಪೆಟ್ಟು ಮಾಡಿಕೊಂಡು ಉರಿಯೂತ ತಗ್ಗಿಸುವ ಔಷಧಗಳನ್ನು ತೆಗೆದುಕೊಂಡಿದ್ದರು. ಅವುಗಳಿಂದ ಹೊಟ್ಟೆ ಕೆಟ್ಟು, ತಿಂದ ಆಹಾರ ಮೈಗೆ ಹತ್ತಲಿಲ್ಲ ಎಂದು ಅವರೇ ನಂತರ ವಿವರಿಸಿದ್ದಾರೆ. ಸುಮಾರು 36 ಕಿಲೋಮೀಟರ್ ಓಡಿದ ಮೇಲೆ ಅವರು ರಸ್ತೆಬದಿಯಲ್ಲಿ ನಿಂತುಬಿಟ್ಟರು. ಅದೇ ವರ್ಷದ ನವೆಂಬರಿನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು. ಗೆರೆ ಮುಟ್ಟದೆ ನಿಲ್ಲುವುದು ಓಟಗಾರ್ತಿಯ ಅಂತ್ಯವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಸಂಗ ನನಗೆ ನೆನಪಾಗುತ್ತಿಲ್ಲ.

ನೀವು ಆರಿಸಿಕೊಂಡ ಉದಾಹರಣೆ ಜೋನ್ ಬೆನೊಯಿಟ್ ಅವರದು. 1984ರಲ್ಲಿ ಒಲಿಂಪಿಕ್ಸ್‌ನ ಮೊದಲ ಮಹಿಳಾ ಮ್ಯಾರಥಾನ್ ಗೆದ್ದ ಅವರನ್ನು ನೆನೆದಿರುವುದು ಉಚಿತವೇ, ಆದರೆ ‘ಮೊಣಕಾಲಿನ ನೋವನ್ನು ಲೆಕ್ಕಿಸದೆ ಓಡಿ ಚಿನ್ನ ಗೆದ್ದರು’ ಎಂದು ಬರೆದಿರುವುದು ಸರಿಯಲ್ಲ. ಆ ವರ್ಷದ ಮಾರ್ಚ್‌ನಲ್ಲಿ ದೀರ್ಘ ಓಟವೊಂದರ ನಡುವೆ ಅವರ ಬಲಮೊಣಕಾಲು ಕೈಕೊಟ್ಟಾಗ ಅವರು ಓಟ ನಿಲ್ಲಿಸಿದರು. ವಿಶ್ರಾಂತಿಯೂ ಚುಚ್ಚುಮದ್ದೂ ಫಲಿಸದಿದ್ದಾಗ, ಅಮೆರಿಕದ ಒಲಿಂಪಿಕ್ ತಂಡದ ಆಯ್ಕೆಯ ಮ್ಯಾರಥಾನಿಗೆ ಕೇವಲ 17 ದಿನ ಉಳಿದಿದ್ದರೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆಮೇಲೆ ಬೇಗ ಓಟಕ್ಕೆ ಮರಳಿದಾಗ ಇನ್ನೊಂದು ಕಾಲಿನ ತೊಡೆಯ ಹಿಂಭಾಗದ ಸ್ನಾಯು ನೊಂದಿತು. ಆದರೂ ಮೇ 12ರಂದು ಆಯ್ಕೆಯ ಸ್ಪರ್ಧೆ ಗೆದ್ದರು, ಆಗಸ್ಟ್ 5ರಂದು ಲಾಸ್ ಏಂಜಲೀಸಿನಲ್ಲಿ ಚಿನ್ನ ಪಡೆದರು. ಈ ಕಥೆಯಲ್ಲಿ ಧೈರ್ಯ ಇಲ್ಲವೆಂದು ಯಾರೂ ಹೇಳಲಾರರು. ಆದರೆ ಆ ಧೈರ್ಯ ಹೆಚ್ಚಾಗಿ ಕಾಣುವುದು ಆಯ್ಕೆಗೆ ಇಷ್ಟು ಹತ್ತಿರದಲ್ಲಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಲು ಒಪ್ಪಿದ ತೀರ್ಮಾನದಲ್ಲಿ. ಜೊತೆಗೆ, ತಜ್ಞ ವೈದ್ಯರ ಕಣ್ಣಿನ ಕೆಳಗೆ ವಿಶ್ವದ ಅಗ್ರಶ್ರೇಣಿಯ ಓಟಗಾರ್ತಿಯೊಬ್ಬರು ಮಾಡಿದ್ದನ್ನು ಮೊದಲ ಮ್ಯಾರಥಾನಿಗೆ ತಯಾರಾಗುತ್ತಿರುವವರಿಗೆ ಮಾದರಿಯೆಂದು ತೋರಿಸುವಾಗ ನೀವು ಬಹಳ ಎಚ್ಚರದಿಂದಿರಬೇಕು.

ಭಾಷೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಯುದ್ಧ, ಶತ್ರು, ಶರಣಾಗತಿ, ವಿಜಯಪತಾಕೆ ಮೊದಲಾದ ಮಾತುಗಳನ್ನು ತೆಗೆದುಹಾಕಿ. ಮಂಚದ ಅಂಚಿನಲ್ಲಿ ಕುಳಿತ ಆ ರಾತ್ರಿಯನ್ನು ಬರೆದ ಕೈಗೆ ಅವು ಬೇಕಿಲ್ಲ. ವೈದ್ಯಕೀಯ ಸಂಗತಿಗಳನ್ನು ಎಲ್ಲರಿಗೂ ಅನ್ವಯಿಸುವ ಉಪದೇಶವಾಗಿ ಹೇಳದೆ, ನಿಮಗೆ ವೈದ್ಯರು ಹೇಳಿದ್ದೇನು, ನೀವು ಅದರಲ್ಲಿ ಎಷ್ಟನ್ನು ಪಾಲಿಸಿದಿರಿ, ಎಷ್ಟನ್ನು ಪಾಲಿಸಲಿಲ್ಲ ಎಂದು ಹೇಳಿ. ಕಾಲುನೋವಿನ ಆ ವಾರಗಳಲ್ಲಿ ಕೆಲವು ದಿನ ಈಜುಕೊಳದಲ್ಲಿ ಅಭ್ಯಾಸ ಮಾಡಿದೆ ಎಂದು ಒಂದು ಕಡೆ ಸುಳಿವು ಕೊಟ್ಟಿದ್ದೀರಿ. ನೆಲಕ್ಕೆ ಕಾಲು ತಾಗದಷ್ಟು ಆಳದ ನೀರಿನಲ್ಲಿ, ಸೊಂಟಕ್ಕೆ ತೇಲುಪಟ್ಟಿ ಕಟ್ಟಿಕೊಂಡು ಓಡುವ ಭಂಗಿಯಲ್ಲಿ ಕೈಕಾಲು ಆಡಿಸುವುದು ಎಲುಬಿಗೆ ಹೊಡೆತ ಬೀಳದಂತೆ ಉಸಿರನ್ನು ಕಾಯ್ದುಕೊಳ್ಳುವ ಒಳ್ಳೆಯ ಉಪಾಯ, ಎಷ್ಟೋ ಓಟಗಾರರಿಗೆ ಇದು ತಿಳಿದೇ ಇಲ್ಲ. ಆ ದಿನಗಳ ಬೇಸರ, ಗಡಿಯಾರ ನೋಡುತ್ತಾ ಕಳೆದ ಹೊತ್ತು, ಬೇರೆಯವರು ರಸ್ತೆಯಲ್ಲಿ ಓಡುತ್ತಿದ್ದಾರೆಂಬ ಹೊಟ್ಟೆಯುರಿ, ಎಲ್ಲವನ್ನೂ ಬರೆಯಿರಿ. ಸ್ಪರ್ಧೆಯ ದಿನಕ್ಕೆ ಒಂದೇ ಪುಟ ಸಾಕು.

ನಿಮ್ಮ ಲಗತ್ತುಪತ್ರದಲ್ಲಿ, ಈಗಲೂ ಮೆಟ್ಟಿಲು ಇಳಿಯುವಾಗ ಅದೇ ಜಾಗದಲ್ಲಿ ಚುಚ್ಚಿದಂತಾಗುತ್ತದೆ ಎಂದೂ, ಎರಡು ತಿಂಗಳಲ್ಲಿ ಇನ್ನೊಂದು ಮ್ಯಾರಥಾನಿಗೆ ಹೆಸರು ಕೊಟ್ಟಿದ್ದೇನೆ ಎಂದೂ ತಿಳಿಸಿದ್ದೀರಿ. ತಿದ್ದಿದ ಪ್ರತಿಗೆ ನಾನು ಯಾವ ಗಡುವನ್ನೂ ಹಾಕುವುದಿಲ್ಲ. ಮೊದಲು ಕ್ರೀಡಾ ವೈದ್ಯರನ್ನೋ ಎಲುಬುತಜ್ಞರನ್ನೋ ಕಂಡು, ನೋವು ಒಂದೇ ಬಿಂದುವಿನಲ್ಲಿದೆ ಮತ್ತು ಹಿಂದಿನ ಎಕ್ಸ್‌ರೇ ಆರಂಭದಲ್ಲಿಯೇ ತೆಗೆದದ್ದು ಎಂಬ ಎರಡು ಸಂಗತಿಗಳನ್ನು ತಪ್ಪದೆ ಹೇಳಿ, ಅವರು ಬೇಕೆಂದರೆ ಎಂಆರ್‌ಐ ಮಾಡಿಸಿಕೊಳ್ಳಿ. ಅದರ ಫಲಿತಾಂಶ ಬರುವವರೆಗೆ ಓಡಬೇಡಿ. ಅವರು ಏನು ಹೇಳಿದರು, ಅದನ್ನು ಕೇಳಿ ನೀವು ಏನು ತೀರ್ಮಾನಿಸಿದಿರಿ ಎಂಬುದನ್ನೂ ಸೇರಿಸಿ ಲೇಖನವನ್ನು ಮತ್ತೆ ಕಳುಹಿಸಿ. ಹೊಸ ಪ್ರತಿಯನ್ನು ನಾನೇ ಓದುತ್ತೇನೆ.

ಇಂತಿ,
ಸಂಪಾದಕ