ಓದುಗರ ಪ್ರಶ್ನೆ: ಫಾಸ್ಫೇಟ್ ಕಮ್ಮಿಯಾದರೆ ಬ್ಯಾಕ್ಟೀರಿಯಾ ಅಂಟುತ್ತದೋ, ಬಿಡುತ್ತದೋ?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಎಂಬ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದೇನೆ. ಎಂ63 ಮೀಡಿಯಾಕ್ಕೆ (ಬೆಳೆಸುವ ದ್ರಾವಣಕ್ಕೆ) ಫಾಸ್ಫೇಟ್ ಸೇರಿಸಿದರೂ ಬಿಟ್ಟರೂ ಬಯೋಫಿಲ್ಮ್, ಅಂದರೆ ಮೇಲ್ಮೈಗೆ ಅಂಟಿ ಕಟ್ಟುವ ಪದರ, ಒಂದೇ ಥರ ಬರುತ್ತಿದೆ. ಏಕೆ?

ಉತ್ತರ: ಎಂ63ರ ಬಫರೇ (ಪಿಎಚ್ ಕಾಯುವ ವಸ್ತುವೇ) ಫಾಸ್ಫೇಟ್. ಲೀಟರಿಗೆ 13.6 ಗ್ರಾಂ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ ಎಂದರೆ 100 ಮಿಲಿಮೋಲಾರ್. ಅದರ ಮೇಲೆ ನೀವು ಸೇರಿಸುವ 1 ಮಿಲಿಮೋಲಾರ್ ಲೆಕ್ಕಕ್ಕೇ ಇಲ್ಲ. ಎಂ9 ಎಂಬ ಇನ್ನೊಂದು ಮೀಡಿಯಾ ಕೂಡ ಬೇಡ, ಅದರಲ್ಲೂ 60 ಮಿಲಿಮೋಲಾರ್ ದಾಟುತ್ತದೆ. ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಫಾಸ್ಫೇಟ್ ಕೊರತೆಯ ಅರಿವಾಗುವುದು ಸುಮಾರು 4 ಮೈಕ್ರೋಮೋಲಾರ್‌ಗಿಂತ ಕೆಳಗೆ.

ಟ್ರಿಸ್ ಬಫರಿಗೆ ಬನ್ನಿ. ಲೀಟರಿಗೆ ಟ್ರಿಸ್ 6.05 ಗ್ರಾಂ, ಟ್ರಿಪ್ಟೋನ್ 2 ಗ್ರಾಂ, ಗ್ಲಿಸರಾಲ್ 1.5 ಮಿ.ಲೀ., ಮೆಗ್ನೀಸಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್ 150 ಮಿ.ಗ್ರಾಂ. ಹೆಚ್ಚು ಫಾಸ್ಫೇಟಿನ ಬಾಟಲಿಗೆ ಡೈಪೊಟ್ಯಾಸಿಯಂ ಹೈಡ್ರೋಜನ್ ಫಾಸ್ಫೇಟ್ 174 ಮಿ.ಗ್ರಾಂ, ಅಂದರೆ 1 ಮಿಲಿಮೋಲಾರ್. ಕಡಿಮೆಯದಕ್ಕೆ ಅದು ಬೇಡ. ಬದಲಿಗೆ ಪೊಟ್ಯಾಸಿಯಂ ಕ್ಲೋರೈಡ್ 149 ಮಿ.ಗ್ರಾಂ ಹಾಕಿ, ಇಲ್ಲದಿದ್ದರೆ ಪೊಟ್ಯಾಸಿಯಂ ಕೂಡ ಕಡಿಮೆಯಾಗಿ, ಪರಿಣಾಮ ಯಾವುದರದ್ದು ಎಂದೇ ತಿಳಿಯದು. ಎರಡರ ಪಿಎಚ್ 7.4ಕ್ಕೆ ಸರಿಮಾಡಿ. ಮೆಗ್ನೀಸಿಯಂ ಮತ್ತು ಫಾಸ್ಫೇಟ್ ಒಟ್ಟಿಗೆ ಆಟೋಕ್ಲೇವ್ ಮಾಡಿದರೆ ಗಸಿ ಕೂರಬಹುದು, ಆದ್ದರಿಂದ ಬೇರೆ ಬೇರೆ ಕಾಯಿಸಿ ಆರಿದ ಮೇಲೆ ಬೆರೆಸಿ. ಟ್ರಿಪ್ಟೋನಿನೊಳಗೇ ಒಂದಿಷ್ಟು ಫಾಸ್ಫೇಟ್ ಇರುತ್ತದೆ. ಹಾಗಾಗಿ 'ಸೊನ್ನೆ' ಎಂದು ಬರೆಯಬೇಡಿ, ಮಾಲಿಬ್ಡಿನಂ ಬ್ಲೂ ವಿಧಾನದಲ್ಲಿ (ನೀಲಿ ಬಣ್ಣದ ಗಾಢತೆಯಿಂದ ಫಾಸ್ಫೇಟ್ ಅಳೆಯುವ ಕ್ರಮ) ಅಳೆದು ಬಂದ ಅಂಕಿಯನ್ನೇ ಬರೆಯಿರಿ.

ಗಾಜಿನ ಸಾಮಾನು ಡಿಟರ್ಜೆಂಟಿನಲ್ಲಿ ತೊಳೆದದ್ದಾದರೆ 10% ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಬೇಕು. ರಾತ್ರಿಯಿಡೀ ಬೆಳೆದ ಕಲ್ಚರನ್ನು 0.9% ಉಪ್ಪು ನೀರಿನಲ್ಲಿ ಎರಡು ಸಲ ತೊಳೆಯಿರಿ. ಪಿಬಿಎಸ್ (ಫಾಸ್ಫೇಟ್ ಬಫರಿನ ಉಪ್ಪು ನೀರು) ಮುಟ್ಟಲೇಬೇಡಿ, ಅದರಲ್ಲಿ 10 ಮಿಲಿಮೋಲಾರಿನಷ್ಟು ಫಾಸ್ಫೇಟ್ ಇದೆ. ಇಷ್ಟಾದರೂ ಜೀವಕೋಶದೊಳಗೆ ಪಾಲಿಫಾಸ್ಫೇಟ್ (ಫಾಸ್ಫೇಟಿನ ಸರಪಳಿ) ದಾಸ್ತಾನು ಇರಬಹುದು, ಪರಿಣಾಮ ತಡವಾಗಿ ಕಂಡರೆ ಮೊದಲು ಅದನ್ನೇ ಅನುಮಾನಿಸಿ.

1:50 ತೆಳುಮಾಡಿ, 96 ವೆಲ್ (ಗುಳಿ) ಪ್ಲೇಟಿನಲ್ಲಿ ವೆಲ್‌ಗೆ 100 ಮೈಕ್ರೋಲೀಟರ್ ಹಾಕಿ 30 ಡಿಗ್ರಿಯಲ್ಲಿ 6 ಗಂಟೆ ಇಡಿ. ಅಂಚಿನ ವೆಲ್‌ಗಳು ಬೇಗ ಒಣಗುತ್ತವೆ, ಅವುಗಳಲ್ಲಿ ನೀರು ತುಂಬಿಡಿ. ಚೆಲ್ಲುವ ಮುನ್ನ 600 ನ್ಯಾನೋಮೀಟರಿನಲ್ಲಿ ಬೆಳವಣಿಗೆ ಓದಿಕೊಳ್ಳುವುದು ಕಡ್ಡಾಯ. ಬೆಳವಣಿಗೆಯೇ ಕುಗ್ಗಿದ್ದರೆ ಬಯೋಫಿಲ್ಮ್ ಕುಗ್ಗಿತೆಂದು ಹೇಳಲು ಬಾರದು. ಆಮೇಲೆ ತೊಳೆದು, 0.1% ಕ್ರಿಸ್ಟಲ್ ವಯಲೆಟ್ ಬಣ್ಣ 125 ಮೈಕ್ರೋಲೀಟರ್ ಹಾಕಿ 15 ನಿಮಿಷ ಬಿಟ್ಟು, ಮತ್ತೆ ತೊಳೆದು ಒಣಗಿಸಿ. ಅಷ್ಟೇ ಪ್ರಮಾಣದ 30% ಅಸಿಟಿಕ್ ಆಮ್ಲದಲ್ಲಿ ಬಣ್ಣ ಕರಗಿಸಿ, ಹೊಸ ಪ್ಲೇಟಿಗೆ ವರ್ಗಾಯಿಸಿ 550 ನ್ಯಾನೋಮೀಟರಿನಲ್ಲಿ ರೀಡಿಂಗ್ ತೆಗೆಯಿರಿ.

ಪ್ರಶ್ನೆ: ಫಾಸ್ಫೇಟ್ ಕಮ್ಮಿಯಾದಾಗ ಬ್ಯಾಕ್ಟೀರಿಯಾ ಹೊಟ್ಟೆಗಿಲ್ಲದೆ ಸೊರಗಿ ಕಳಚಿಕೊಳ್ಳುತ್ತವೆಯೇ?

ಉತ್ತರ: ಅಲ್ಲ. ಇದು ಹಸಿವಿನ ನಿಶ್ಶಕ್ತಿಯಲ್ಲ, ಆಜ್ಞೆ. ಫ್ಲೋರೆಸೆನ್ಸ್‌ನಲ್ಲಿ ಕೊರತೆ ಕಂಡೊಡನೆ ಫೋಬಿ ಎಂಬ ನಿಯಂತ್ರಕ ರ‍್ಯಾಪ್‌ಎ ಕಿಣ್ವವನ್ನು ಹೆಚ್ಚಿಸುತ್ತದೆ, ಅದು 'ಅಂಟಿಕೊಂಡಿರು' ಎಂದು ಹೇಳುವ ಸಂಕೇತ ಅಣು ಸೈಕ್ಲಿಕ್ ಡೈ-ಜಿಎಂಪಿಯನ್ನು ಒಡೆಯುತ್ತದೆ. ಆಗ ಲ್ಯಾಪ್‌ಡಿ ಎಂಬ ಪ್ರೋಟೀನು ತಾನು ಹಿಡಿದಿಟ್ಟಿದ್ದ ಲ್ಯಾಪ್‌ಜಿ ಎಂಬ ಕತ್ತರಿಯನ್ನು ಬಿಟ್ಟುಬಿಡುತ್ತದೆ; ಮೇಲ್ಮೈಗೆ ಅಂಟಿಸಿದ್ದ ಲ್ಯಾಪ್‌ಎ ಪ್ರೋಟೀನು ತುಂಡಾಗುತ್ತದೆ. ಫಾಸ್ಫೇಟನ್ನು ಒಳಗೆಳೆಯುವ ಪಿಎಸ್‌ಟಿ ಸಾಗಣೆ ವ್ಯವಸ್ಥೆ ಕೆಟ್ಟ ತಳಿಯಲ್ಲಿ ಫಾಸ್ಫೇಟ್ ಧಾರಾಳವಾಗಿದ್ದರೂ ಫೋಬಿ ಚಾಲೂ ಇರುತ್ತದೆ, ಬಯೋಫಿಲ್ಮ್ ಕಟ್ಟುವುದಿಲ್ಲ. ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ಆದರೆ ಎಲ್ಲ ಬ್ಯಾಕ್ಟೀರಿಯಾಕ್ಕೂ ಇದೇ ನಿಯಮ ಎನ್ನಬೇಡಿ: ಆಗ್ರೋಬ್ಯಾಕ್ಟೀರಿಯಂ ಟ್ಯುಮಿಫೇಸಿಯೆನ್ಸ್ ಎಂಬ ಬ್ಯಾಕ್ಟೀರಿಯಾದಲ್ಲಿ ಫಾಸ್ಫೇಟ್ ಕಡಿಮೆಯಾದಾಗ ಬಯೋಫಿಲ್ಮ್ ಹೆಚ್ಚುತ್ತದೆ.

ಪ್ರಶ್ನೆ: ಬಯೋಫಿಲ್ಮ್ ಬಿಟ್ಟಿತೆಂದರೆ ರೋಗ ತರುವ ಶಕ್ತಿಯೂ ಇಳಿಯಿತೆಂದೇ?

ಉತ್ತರ: ಹಾಗೆ ನಂಬಿದರೆ ಕೆಟ್ಟಿರಿ. ಇದೇ ಕುಲದ, ಮನುಷ್ಯರಿಗೆ ರೋಗ ತರುವ ಸ್ಯೂಡೊಮೊನಾಸ್ ಎರುಜಿನೋಸಾ ಫಾಸ್ಫೇಟ್ ಬತ್ತಿದಾಗ ಫಾಸ್ಫೋಲಿಪೇಸ್ ಸಿ ಎಂಬ ಕಿಣ್ವ ಸುರಿಸುತ್ತದೆ. ಆತಿಥೇಯರ ಜೀವಕೋಶಪೊರೆಯ ಕೊಬ್ಬನ್ನು ಒಡೆದು ಫಾಸ್ಫೇಟ್ ಕೀಳುವ ಉಪಾಯ ಅದು. 2009ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ತಂಡ ಕಡಿಮೆ ಫಾಸ್ಫೇಟಿನಲ್ಲಿ ಬೆಳೆದ ಈ ಬ್ಯಾಕ್ಟೀರಿಯಾವನ್ನು ಸಿ. ಎಲಿಗನ್ಸ್ ಹುಳುಗಳಿಗೆ ತಿನ್ನಿಸಿತು. ಹುಳುಗಳು ಮೈಯೊಳಗೆ ಕೆಂಪು ಕಲೆಯೊಂದಿಗೆ ಸತ್ತವು. ಫಾಸ್ಫೇಟ್ ಯಥೇಚ್ಛವಾಗಿದ್ದಾಗ ಉಳಿದುಕೊಂಡವು. ಕಾಲರಾ ಬ್ಯಾಕ್ಟೀರಿಯಾದ್ದು ತಿರುಗುಮುರುಗು: ಅಲ್ಲಿ ಫೋಬಿ, ವಿಷ ತಯಾರಿಕೆಗೆ ಚಾಲನೆ ಕೊಡುವ ಟಿಸಿಪಿ-ಪಿಎಚ್ (tcpPH) ಜೀನುಗಳನ್ನು ಅದುಮಿ, ಆ ಸರಣಿಯನ್ನೇ ತಗ್ಗಿಸುತ್ತದೆ.

ಹುಳುವಿನ ಫಲಿತಾಂಶ ನೋಡಿ ಯಾರೂ ಫಾಸ್ಫೇಟ್ ಮಾತ್ರೆ ನುಂಗಲು ಹೊರಡಬೇಡಿ. ಮೂತ್ರಪಿಂಡ ದುರ್ಬಲವಾಗಿದ್ದವರಲ್ಲಿ ಅದು ರಕ್ತದಲ್ಲಿ ಏರಿ ಕ್ಯಾಲ್ಸಿಯಂ ಅನ್ನು ಕೆಳಗೆಳೆಯುತ್ತದೆ.