ಕಂಚಿಯ ಕಂಬದ ಮೇಲೆ ಕನ್ನಡ

ಓದುಗರ ಪತ್ರ: ಕಂಚಿಯ ಕೈಲಾಸನಾಥ ಗುಡಿಯಲ್ಲಿ ಕನ್ನಡ ಶಾಸನವಿದೆ ಅಂತ ಗೈಡ್ ತೋರಿಸಿದರು. ಊರು ಗೆದ್ದ ಬಾದಾಮಿ ದೊರೆ ಲೂಟಿ ಮಾಡದೆ ಎಲ್ಲ ವಾಪಸ್ ಕೊಟ್ಟನಂತೆ. ಪಲ್ಲವರು ಬಾದಾಮಿಗೆ ನುಗ್ಗಿದ್ದನ್ನು ಅವನು ಮರೆತನೇ? ಇದು ಕಟ್ಟುಕತೆ ಅಲ್ವಾ?

ಸಂಪಾದಕರ ಉತ್ತರ: ಕಟ್ಟುಕತೆ ಅಲ್ಲ. ಅವನು ಮರೆತಿರಲೂ ಇಲ್ಲ.

642ರಲ್ಲಿ ಕಂಚಿಯ ಪಲ್ಲವ ದೊರೆ ನರಸಿಂಹವರ್ಮ ಬಾದಾಮಿ ಹಿಡಿದು 'ವಾತಾಪಿಕೊಂಡ', ಅಂದರೆ ವಾತಾಪಿ (ಬಾದಾಮಿ) ಗೆದ್ದವನು, ಅನ್ನಿಸಿಕೊಂಡ. ಅಲ್ಲಿನ ಬಂಡೆಯ ಮೇಲೆ ಶಾಸನವನ್ನೂ ಕೆತ್ತಿಸಿ ಹೋದ. ಸುಮಾರು ನೂರು ವರ್ಷ ಕಳೆದ ಮೇಲೆ ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಗೆ ನುಗ್ಗಿದ. ರಾಜಸಿಂಹ ಪಲ್ಲವ ಕಟ್ಟಿಸಿದ ಈ ಗುಡಿ ಆಗಿನ್ನೂ ಹೊಸದು. ಮರಳುಗಲ್ಲಿನ ಗೋಪುರ, ಅಂಗಳದ ಸುತ್ತ ಒಂದಕ್ಕೊಂದು ಅಂಟಿಕೊಂಡ 58 ಪುಟ್ಟ ಗುಡಿಗಳು. ಕೆಲವದರೊಳಗೆ ಇವತ್ತಿಗೂ ಹಳೆಯ ಬಣ್ಣದ ಚೂರುಗಳಿವೆ. ಬಗ್ಗಿ ನೋಡಬೇಕು, ಅಷ್ಟೆ.

ನೀವು ನೋಡಿದ್ದು ಮುಂದಿನ ಮಂಟಪದ ಕಂಬ. ದೇವರ ಸಿರಿಯನ್ನು ಕಂಡ ದೊರೆ ಅದನ್ನು ದೇವರಿಗೇ ಮರಳಿ ಕೊಟ್ಟ ಎನ್ನುತ್ತದೆ ಶಾಸನ. ಮಗ ಕೀರ್ತಿವರ್ಮನ ಕೆಂದೂರು ತಾಮ್ರಪಟವೂ ಊರನ್ನು ಹಾಳುಗೆಡವಲಿಲ್ಲ ಅಂತಲೇ ಹೇಳುತ್ತದೆ. ಮನೆಯವರದೇ ಸಾಕ್ಷಿ, ನಿಜ. ಆದರೆ ಗುಡಿ ಕಣ್ಣೆದುರೇ ನಿಂತಿದೆಯಲ್ಲ!

ಹಾಗಂತ ಅವನನ್ನು ಸಾಧು ಮಾಡಬೇಡಿ. 'ಕೊಟ್ಟೆ' ಅನ್ನಬೇಕಾದರೆ ಮೊದಲು ಅದು ತನ್ನದಾಗಿರಬೇಕು. ವೈರಿಯ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಹಾಗೆ ಬರೆಸಿದ್ದು, ನನ್ನ ಪ್ರಕಾರ, ಲೂಟಿಗಿಂತ ಜಾಸ್ತಿ ಉರಿಸುವ ಸೇಡು. ಬಾದಾಮಿಯ ಬಂಡೆಗೆ ಕಂಚಿಯ ಕಂಬ.

ಇಷ್ಟಾದರೂ ಕಂಚಿ ಚಾಲುಕ್ಯರಿಗೆ ಹಿಡಿಸಿತ್ತು. ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ ಕೈಲಾಸನಾಥನ ಛಾಯೆ ಢಾಳಾಗಿದೆ. ಗಂಡ ಕಂಚಿಯನ್ನು ಮೂರು ಸಲ ಗೆದ್ದವನು ಅಂತಲೂ ಅಲ್ಲಿ ಬರೆಸಿದ್ದಾರೆ. ಗೆದ್ದದ್ದನ್ನು ಹೇಳದೆ ಬಿಡುವವರಲ್ಲ.

ನನಗೆ ತುಂಬ ಇಷ್ಟವಾದದ್ದು ಕಂಬದ ಶಾಸನದ ಕೊನೆ. ಈ ಅಕ್ಷರಗಳನ್ನು ಅಳಿಸಿದವರಿಗೆ ಊರಿನ ಘಟಿಕೆಯ ಮಹಾಜನರನ್ನು ಕೊಂದವರ ಗತಿ ಬರಲಿ ಅಂತ ಶಾಪ. ಘಟಿಕೆ ಅಂದರೆ ದೊಡ್ಡ ವಿದ್ಯಾಕೇಂದ್ರ. ಅದಕ್ಕೂ ಸುಮಾರು ನಾನ್ನೂರು ವರ್ಷ ಮೊದಲು ತಾಳಗುಂದದ ಮಯೂರಶರ್ಮ ಓದಲಿಕ್ಕೆ ಹೋದದ್ದು ಕಂಚಿಯ ಘಟಿಕೆಗೇ. ಪಲ್ಲವರ ಕುದುರೆಯಾಳಿನ ಜೊತೆ ಜಗಳವಾಗಿ, ಓದು ಬಿಟ್ಟು ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ. ಆ ಜಗಳ ಆಗದೇ ಇದ್ದಿದ್ದರೆ ಅವನೂ ಸುಮ್ನೆ ಓದು ಮುಗಿಸಿ ಊರಿಗೆ ಬರುತ್ತಿದ್ದನೋ ಏನೋ.

ಹೋದ ತಿಂಗಳು ಕಂಚಿ ಸೀರೆಗೆ ಎರಡು ಪುಟ ಕೊಟ್ಟೆವು, ಈ ಕಂಬಕ್ಕೆ ಒಂದು ಸಾಲೂ ಕೊಡಲಿಲ್ಲ. ತಪ್ಪು ನಮ್ಮದೇ. ಫೋಟೊ ತೆಗೆದಿದ್ದರೆ ಕಳಿಸಿ, ಹಾಕೋಣ.