ಮಳೆಗಾಲದಲ್ಲಿ ವಾಕಿಂಗ್ ನಿಂತು ಸೊಂಟ ಹಿಡಿದರೆ ಏನು ಮಾಡಬೇಕು?

ತೀರ್ಥಹಳ್ಳಿ ಕಡೆ ಮಳೆ ಹಿಡಿಯಿತು ಅಂದರೆ ವಾಕಿಂಗ್ ಇಲ್ಲ, ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಸೊಂಟ ನೋವು ಅಂತ ಕೇಳಿದ್ದೀರಿ. ದುಬಾರಿ ಕುರ್ಚಿಗೆ ಸುಮ್ನೆ ದುಡ್ಡು ಹಾಕಬೇಡಿ. ಎಷ್ಟೇ ನೆಟ್ಟಗೆ ಕೂತರೂ ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಇದ್ದರೆ ಬೆನ್ನು ಬಿಗಿಯುತ್ತದೆ. ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂತವರೂ ನಡುನಡುವೆ ಎದ್ದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ ಅಲ್ವಾ? ನೀವೂ ಅರ್ಧ ಗಂಟೆಗೊಮ್ಮೆ ಏಳಿ. ಫೋನ್ ಬಂದರೆ ಜಗಲಿಯ ಆ ತುದಿಯಿಂದ ಈ ತುದಿಗೆ ಓಡಾಡುತ್ತಲೇ ಮಾತಾಡಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಅದನ್ನು ಐದೈದು ನಿಮಿಷವಾಗಿ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನೂ ಅಭ್ಯಾಸ ಮಾಡಿ, ತೊಡೆಗೆ ಬಲ ಬರುತ್ತದೆ. ನೋವು ಕಾಲಿಗೆ ಇಳಿದರೆ, ಜೋಮು ಜಾಸ್ತಿಯಾದರೆ ಮಾತ್ರ ತಡ ಮಾಡದೆ ಡಾಕ್ಟರಿಗೆ ತೋರಿಸಿ.